ಆತ್ಮಗೌರವವೆಂಬ ಮಾತು: ಕ್ರೈಸ್ತದೃಷ್ಟಿಯಲ್ಲಿ ಅದರ ವಿಚಾರ

ತರುಣರ ಶಿಕ್ಷಣವನ್ನು ಕುರಿತು ಈಚೆಗೆ ಪ್ರಕಟವಾಗುತ್ತಿರುವ ಕನ್ನಡ ಬರೆವಣಿಗೆಗಳಲ್ಲಿ 'ಆತ್ಮಗೌರವ'ವೆಂಬ ಮಾತು ಬಹಳವಾಗಿ ಕಾಣಬರುತ್ತಿದೆ. ಮಕ್ಕಳಲ್ಲಿ ಆತ್ಮಗೌರವವನ್ನು ಬೆಳೆಯಿಸಬೇಕು, ಅದಕ್ಕೆ ಕುಂದು ಬಾರದಂತೆ ಉಪಾಧ್ಯಾಯರು ಮಾತಾಡಬೇಕು, ಅದಿಲ್ಲದವನಿಗೆ ವಿದ್ಯೆಯೂ ಹತ್ತದು ಎಂದು ಹೇಳುವವರುಂಟು. ಈಗಿನ ತರುಣರಿಗೆ ತಮ್ಮನ್ನು ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ, ಅವರು 'ಆತ್ಮರತಿ'ಯಲ್ಲಿ ಮುಳುಗಿದ್ದಾರೆ ಎಂದು ದೂರುವವರೂ ಉಂಟು. ಅನೇಕ ವೇಳೆ ಈ ಎರಡು ಮಾತುಗಳನ್ನೂ ಆಡುವವರು ಒಬ್ಬರೇ. ಒಂದನ್ನು ನೀರೆರೆದು ಬೆಳೆಯಿಸಬೇಕು, ಇನ್ನೊಂದನ್ನು ಬೇರುಸಹಿತ ಕೀಳಬೇಕು ಎನ್ನುವಾಗ, ಇವು ಎರಡು ಗಿಡಗಳೋ ಒಂದೇ ಗಿಡದ ಎರಡು ಕೊಂಬೆಗಳೋ ಎಂಬುದನ್ನು ವಿಚಾರಿಸಿದಂತೆ ತೋರುವುದಿಲ್ಲ.

ಈ ಅರ್ಥದಲ್ಲಿ ಈ ಎರಡು ಮಾತುಗಳೂ ನಮ್ಮಲ್ಲಿ ಹುಟ್ಟಿದವಲ್ಲ. ಇಂಗ್ಲಿಷಿನ 'ಸೆಲ್ಫ್ ಎಸ್ಟೀಮ್', 'ನಾರ್ಸಿಸಿಸಂ' ಎಂಬ ಶಬ್ದಗಳಿಗೆ ಇಟ್ಟ ಪ್ರತಿಶಬ್ದಗಳು. ಆ ಭಾವನೆಗಳು ಈಗಿನ ಬಲವನ್ನು ಪಡೆದದ್ದು ಅಮೆರಿಕಾ ದೇಶದಲ್ಲಿ. ಅವುಗಳ ಮೇಲೆ ಅತ್ಯಂತ ಗಂಭೀರವಾದ ವಾದವು ಅಲ್ಲಿಯ ಕ್ರೈಸ್ತ ಪಂಡಿತರೊಳಗೇ ನಡೆದಿದೆ. ಆ ವಾದದ ಸ್ವರೂಪವನ್ನು ಸಾಹಿತ್ಯವನ್ನು ಕಲಿಸತಕ್ಕವರಿಗೆ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ. ನಾನು ಕ್ರೈಸ್ತನಲ್ಲ; ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವನು. ಆದರೆ ಪೂರ್ವಪಕ್ಷವನ್ನು ಆ ಪಕ್ಷದವರೇ ತಲೆದೂಗುವಂತೆ ನಿರೂಪಿಸಿದ ಹೊರತು ಅದನ್ನು ಕುರಿತು ಮಾತಾಡುವ ಅಧಿಕಾರ ಬಾರದೆಂಬ ನಮ್ಮ ಶಾಸ್ತ್ರಮರ್ಯಾದೆಯನ್ನು ಪರಮತದ ವಿಷಯದಲ್ಲಿಯೂ ಪಾಲಿಸಬೇಕೆಂಬುದು ನನ್ನ ಎಣಿಕೆ.

ಮೊದಲು ಶಬ್ದವಿಚಾರ. 'ಗೌರವ'ವು 'ಗುರು' ಶಬ್ದದ ಭಾವರೂಪ. ಗುರುವೆಂದರೆ ಭಾರವುಳ್ಳದ್ದು, ಗೌರವವೆಂದರೆ ತೂಕ. ಕ್ರೈಸ್ತರ ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನಲ್ಲಿಯೂ ಮಹಿಮೆಯೆಂಬರ್ಥದ 'ಕಾವೋದ್' ಎಂಬ ಶಬ್ದವು ಭಾರವೆಂಬ ಅರ್ಥದ ಧಾತುವಿನಿಂದಲೇ ಬಂದಿದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಮನುಷ್ಯನ ಹಿರಿಮೆಯನ್ನು ತೂಕವೆಂದೇ ಭಾವಿಸಿದುದು ಸೋಜಿಗವಾಗಿದೆ. ಇಂಗ್ಲಿಷಿನ 'ಎಸ್ಟೀಮ್' ಹೀಗಲ್ಲ. ಅದು ಬೆಲೆಕಟ್ಟುವುದೆಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು; ಮನೆಕಟ್ಟುವ ಕಂಟ್ರಾಕ್ಟರನು ಬರೆದುಕೊಡುವ 'ಎಸ್ಟಿಮೇಟು' ಅದರ ಒಡಹುಟ್ಟು. ತೂಕವು ವಸ್ತುವಿನಲ್ಲಿರುತ್ತದೆ, ಎಸ್ಟಿಮೇಟು ಬರೆಯುವವನ ಕೈಯಲ್ಲಿರುತ್ತದೆ. ಸೆಲ್ಫ್ ಎಸ್ಟೀಮ್ ಎಂದರೆ ತನ್ನ ಮನೆಗೆ ತಾನೇ ಬರೆದುಕೊಂಡ ಎಸ್ಟಿಮೇಟು. ಅದನ್ನು ನಾವು 'ಆತ್ಮಗೌರವ'ವೆಂದು ಕರೆದು, ಎಸ್ಟಿಮೇಟಿಗೆ ತೂಕದ ಹೆಸರನ್ನು ಕೊಟ್ಟಿದ್ದೇವೆ. ಮುಂದೆ ಹೇಳತಕ್ಕ ಕ್ರೈಸ್ತವಾದವು ಈ ಎರಡರ ವ್ಯತ್ಯಾಸದ ಮೇಲೆ ನಿಂತಿರುವುದರಿಂದ ಇಷ್ಟು ಹೇಳಬೇಕಾಯಿತು.

ಈ ಭೇದವನ್ನು ನಮ್ಮ ವೈಯಾಕರಣರು ಗಮನಿಸದೆ ಇರಲಿಲ್ಲ. ಒಬ್ಬನು ಇನ್ನೊಬ್ಬನನ್ನು ಸುಂದರನೆಂದು ಎಣಿಸಿದರೆ ಹಾಗೆ ಎಣಿಸಿದವನು 'ದರ್ಶನೀಯಮಾನಿ'. ತನ್ನನ್ನೇ ತಾನು ಹಾಗೆ ಎಣಿಸಿಕೊಂಡರೆ ಅವನಿಗೆ ಆ ಹೆಸರೂ ಸಲ್ಲುತ್ತದೆ, 'ದರ್ಶನೀಯಮ್ಮನ್ಯ'ನೆಂಬ ಹೆಸರೂ ಸಲ್ಲುತ್ತದೆ. ಈ ಎರಡನೆಯ ರೂಪಕ್ಕಾಗಿ ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಬೇರೆ ಸೂತ್ರವನ್ನೇ ರಚಿಸಿದ್ದಾನೆ. ಎಣಿಸುವವನೂ ಎಣಿಕೆಗೆ ವಿಷಯವಾದವನೂ ಒಬ್ಬನೇ ಆದಾಗ ಮಾತ್ರ ಬರತಕ್ಕ ಪ್ರತ್ಯಯವದು. ಆ ಸ್ಥಿತಿಗೆ ಅವನು ಹೇಳುವ ಹೆಸರು 'ಆತ್ಮಮಾನ'. 'ಪಂಡಿತಮ್ಮನ್ಯ'ನೆಂಬ ಮಾತು ಸಿದ್ಧವಾಗುವುದೂ ಇದರಿಂದಲೇ. ಅದಕ್ಕೆ ಉದಾಹರಣೆಯನ್ನು ಹುಡುಕಲು ನಮ್ಮ ವರ್ಗದವರು ಬಹುದೂರ ಹೋಗಬೇಕಾಗಿಲ್ಲ. ಸೆಲ್ಫ್ ಎಸ್ಟೀಮಿಗೆ ಇದಕ್ಕಿಂತ ಒಪ್ಪುವ ಪ್ರತಿಶಬ್ದ ನನಗೆ ತೋರಲಿಲ್ಲ. ಆದಕಾರಣ ಮುಂದೆ ಅದನ್ನು ಆತ್ಮಮಾನವೆಂದೇ ಕರೆಯುತ್ತೇನೆ.

ಇದನ್ನು ಮನಶ್ಶಾಸ್ತ್ರದ ವಿಷಯವಾಗಿ ವಿವರಿಸಿದವರಲ್ಲಿ ಅಮೆರಿಕಾದ ವಿಲಿಯಂ ಜೇಮ್ಸ್ ಮೊದಲಿಗರೊಳಗೊಬ್ಬರು. ೧೮೯೦ರಲ್ಲಿ ಪ್ರಕಟವಾದ ತಮ್ಮ ಮಹಾಗ್ರಂಥದಲ್ಲಿ ಅವರು ಅದನ್ನು ಭಾಗಾಕಾರದ ಲೆಕ್ಕವಾಗಿ ತೋರಿಸಿದ್ದಾರೆ. ನಾವು ಪಡೆದ ಸಿದ್ಧಿಯು ಭಾಜ್ಯ, ನಾವು ಇಟ್ಟುಕೊಂಡ ಹಂಬಲವು ಭಾಜಕ, ಬಂದ ಲಬ್ಧವೇ ಆತ್ಮಮಾನ. ಸಿದ್ಧಿಯನ್ನು ಹೆಚ್ಚಿಸಿದರೂ ಲಬ್ಧವು ಹೆಚ್ಚುತ್ತದೆ, ಹಂಬಲವನ್ನು ತಗ್ಗಿಸಿದರೂ ಹೆಚ್ಚುತ್ತದೆ. ವೈರಾಗ್ಯದ ಮಾತನ್ನು ಕೇಳಿ ಬೆಳೆದ ನಮಗೆ ಈ ಎರಡನೆಯ ದಾರಿ ಹೊಸದಲ್ಲ. ಆದರೆ ಜೇಮ್ಸರ ಅನಂತರ ಬಂದವರು ಮೂರನೆಯದೊಂದು ದಾರಿಯನ್ನು ಕಂಡುಹಿಡಿದರು. ಭಾಜ್ಯ ಭಾಜಕಗಳೆರಡನ್ನೂ ಮುಟ್ಟದೆ ಲಬ್ಧವನ್ನು ಮಾತ್ರ ತಿದ್ದಿ ಬರೆಯುವುದೇ ಆ ದಾರಿ. ೧೯೬೫ರಲ್ಲಿ ಮಾರಿಸ್ ರೋಸೆನ್‌ಬರ್ಗರು ತರುಣರ ಆತ್ಮಮಾನವನ್ನು ಹತ್ತು ವಾಕ್ಯಗಳ ಪ್ರಶ್ನಾವಳಿಯಿಂದ ಅಳೆಯುವ ಕ್ರಮವನ್ನು ಪ್ರಚುರಪಡಿಸಿದರು. ೧೯೬೯ರಲ್ಲಿ ನಥೇನಿಯಲ್ ಬ್ರಾಂಡನ್ನರ ಗ್ರಂಥವು ಆತ್ಮಮಾನವನ್ನು ಮನುಷ್ಯಜೀವನದ ಮೂಲಭೂತವಾದ ಅಗತ್ಯವೆಂದು ಸಾರಿತು. ಅಳೆಯಲು ಬಂದುದನ್ನು ಬೆಳೆಯಿಸಲೂ ಬರುವುದೆಂಬ ನಂಬಿಕೆಯು ಬೇಗನೆ ಹಬ್ಬಿತು.

ಆ ನಂಬಿಕೆಯು ರಾಜ್ಯಶಾಸನದ ಮಟ್ಟಕ್ಕೇರಿದುದು ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ. ಅಲ್ಲಿಯ ಶಾಸನಸಭೆಯ ಸದಸ್ಯರಾಗಿದ್ದ ಜಾನ್ ವಾಸ್ಕನ್ಸೆಲೋಸ್ ಎಂಬವರ ಪ್ರಯತ್ನದಿಂದ ೧೯೮೬ರಲ್ಲಿ ಆತ್ಮಮಾನದ ಅಭಿವೃದ್ಧಿಗಾಗಿ ೨೫ ಮಂದಿ ಸದಸ್ಯರ ಒಂದು ಸಮಿತಿಯು ಸರಕಾರದ ವೆಚ್ಚದಲ್ಲಿ ಏರ್ಪಟ್ಟಿತು. ಅಪರಾಧ, ಮಾದಕದ್ರವ್ಯಗಳ ಚಟ, ವಿದ್ಯಾಭ್ಯಾಸದಲ್ಲಿ ಸೋಲು, ಎಳೆಯ ವಯಸ್ಸಿನ ಗರ್ಭಧಾರಣೆ ಮೊದಲಾದ ಕೇಡುಗಳಿಗೆಲ್ಲ ಆತ್ಮಮಾನದ ಕೊರತೆಯೇ ಕಾರಣವಾಗಿರಬೇಕು. ಹಾಗಾದರೆ ಆತ್ಮಮಾನವು ಸಮಾಜಕ್ಕೆ ಹಾಕತಕ್ಕ ಲಸಿಕೆಯಂತಾಗುತ್ತದೆ ಎಂಬುದು ಅವರ ಆಶೆ. ೧೯೮೭ರಲ್ಲಿ 'ಡೂನ್ಸ್‌ಬರಿ' ಎಂಬ ವ್ಯಂಗ್ಯಚಿತ್ರಮಾಲೆಯು ಈ ಸಮಿತಿಯನ್ನು ಮನಸ್ವಿಯಾಗಿ ಅಪಹಾಸ್ಯಮಾಡಿತು. ಅಪಹಾಸ್ಯದಿಂದ ಅದರ ಕೀರ್ತಿ ಹೆಚ್ಚಿತೇ ಹೊರತು ಕುಂದಲಿಲ್ಲ.

ವಾಸ್ಕನ್ಸೆಲೋಸರ ಜೀವನದಲ್ಲಿ ನಮಗೆ ಮುಖ್ಯವಾದ ಒಂದಂಶವುಂಟು. ಅವರು ಕ್ಯಾಥೊಲಿಕ್ ಮನೆತನದಲ್ಲಿ ಬೆಳೆದು ಕ್ಯಾಥೊಲಿಕ್ ವಿದ್ಯಾಲಯಗಳಲ್ಲಿ ಓದಿದವರು. ತಾನು ಪಾಪಿ, ತಾನು ಅಯೋಗ್ಯ ಎಂದು ಎದೆಬಡಿದುಕೊಳ್ಳುವುದನ್ನೇ ತನಗೆ ಬಾಲ್ಯದಲ್ಲಿ ಕಲಿಸಿದರು, ಆದುದರಿಂದ ತನ್ನಲ್ಲಿ ಆತ್ಮಮಾನವೆಂಬುದೇ ಇಲ್ಲದೆ ಹೋಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಎಂದರೆ, ಈ ಚಳವಳಿಯು ಕ್ರೈಸ್ತಧರ್ಮವನ್ನು ಅರಿಯದ ಜನರಿಂದ ಹೊರಟದ್ದಲ್ಲ. ಅದರ ಅರ್ಧಭಾಗವನ್ನು ಮಾತ್ರ ಕೇಳಿ ನೊಂದವರ ಮನೆಯಿಂದ ಹೊರಟದ್ದು. ಇದನ್ನು ಮರೆತು ಅದನ್ನು ಖಂಡಿಸಲು ಹೊರಡುವ ಕ್ರೈಸ್ತರು ತಮ್ಮ ಹೊಣೆಯನ್ನು ತಳ್ಳಿಹಾಕಿದಂತಾಗುತ್ತದೆ.

ಸಮಿತಿಯ ಅಪೇಕ್ಷೆಯಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪಂಡಿತರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ೧೯೮೯ರಲ್ಲಿ ಒಂದು ಸಂಪುಟವನ್ನು ಪ್ರಕಟಿಸಿದರು. ಆತ್ಮಮಾನಕ್ಕೂ ಮೇಲೆ ಹೇಳಿದ ಕೇಡುಗಳಿಗೂ ನಡುವೆ ಕಂಡುಬಂದ ಸಂಬಂಧವು ಬಹಳ ತೆಳುವಾದುದೆಂದು ಅದರ ಉಪೋದ್ಘಾತವೇ ಒಪ್ಪಿಕೊಂಡಿತು. ಆದರೂ ೧೯೯೦ರಲ್ಲಿ ಹೊರಬಂದ ಸಮಿತಿಯ ವರದಿಯು ತನ್ನ ಉತ್ಸಾಹವನ್ನು ಬಿಡಲಿಲ್ಲ, ಪಾಠಶಾಲೆಗಳೂ ಬಿಡಲಿಲ್ಲ. ೨೦೦೩ರಲ್ಲಿ ಬೌಮೈಸ್ಟರ್ ಮೊದಲಾದ ನಾಲ್ವರು ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಮತ್ತೆ ಅಮೂಲಾಗ್ರವಾಗಿ ವಿಮರ್ಶಿಸಿದರು. ಹೆಚ್ಚಿನ ಆತ್ಮಮಾನವುಳ್ಳವರು ಹೆಚ್ಚು ಸಂತೋಷವಾಗಿರುತ್ತಾರೆ, ಮುಂದೆ ನುಗ್ಗಿ ಕೆಲಸಮಾಡುತ್ತಾರೆ, ಇದು ನಿಜ. ಆದರೆ ಅದರಿಂದ ವಿದ್ಯೆ ಹೆಚ್ಚುವುದಿಲ್ಲ. ವಿದ್ಯೆ ಹೆಚ್ಚಿದುದರಿಂದ ಅದು ತುಸು ಹೆಚ್ಚುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದನ್ನು ಕೇಳಿ, ಬೆಂಕಿಯನ್ನು ಹೊತ್ತಿಸುವುದಕ್ಕಾಗಿ ಹೊಗೆಯನ್ನು ತುಂಬಿದವನ ಕಥೆಯಂತಾಯಿತು ಇದು. ತರ್ಕಶಾಸ್ತ್ರದ ಬಾಲಪಾಠವನ್ನು ಓದಿದವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ಇನ್ನು ನಾರ್ಸಿಸಿಸಂ. ಈ ಹೆಸರು ಗ್ರೀಕರ ಪುರಾಣದ ನಾರ್ಕಿಸ್ಸಸ್ ಎಂಬ ತರುಣನಿಂದ ಬಂದದ್ದು. ಅವನ ಕಥೆಯನ್ನು ರೋಮಿನ ಕವಿ ಓವಿಡನು ತನ್ನ 'ಮೆಟಮಾರ್ಫೊಸಿಸ್' ಕಾವ್ಯದ ಮೂರನೆಯ ಭಾಗದಲ್ಲಿ ಹೇಳಿದ್ದಾನೆ. ತನ್ನನ್ನು ಬಯಸಿ ಬಂದವರನ್ನೆಲ್ಲ ತಿರಸ್ಕರಿಸಿದ ಸುಂದರನೊಬ್ಬನು ತಿಳಿನೀರಿನಲ್ಲಿ ತನ್ನ ಪ್ರತಿಬಿಂಬವನ್ನು ಕಂಡು, ಅದಕ್ಕೆ ಸೋತು, ಅಲ್ಲಿಯೇ ಸೊರಗಿ ಸತ್ತನು. ಇಲ್ಲಿ ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ಸೂಕ್ಷ್ಮವುಂಟು. ಅವನಿಗೆ ಅದು ತಾನೆಂದು ಮೊದಲು ತಿಳಿಯಲೇ ಇಲ್ಲ. ನೀರಿನಲ್ಲಿ ಬೇರೊಬ್ಬನಿದ್ದಾನೆಂದೇ ನಂಬಿದ್ದನು. ಅವನು ಪ್ರೀತಿಸಿದ್ದು ತನ್ನನ್ನಲ್ಲ, ತನ್ನ ನೆರಳನ್ನು. ೧೮೯೮-೯೯ರಲ್ಲಿ ಹ್ಯಾವ್‌ಲಾಕ್ ಎಲಿಸ್, ಪಾಲ್ ನೆಕ್ಕೆ ಎಂಬ ವೈದ್ಯರ ಬರೆಹಗಳಲ್ಲಿ ಈ ಪುರಾಣದ ಹೆಸರು ರೋಗದ ಹೆಸರಾಯಿತು. ೧೯೧೪ರಲ್ಲಿ ಫ್ರಾಯ್ಡನ ಪ್ರಬಂಧದಿಂದ ಪ್ರಸಿದ್ಧವಾಯಿತು. ೧೯೭೯ರಲ್ಲಿ ಕ್ರಿಸ್ಟೋಫರ್ ಲಾಷ್ ಎಂಬ ಚರಿತ್ರಕಾರರು ಅದನ್ನು ಒಂದು ನಾಗರಿಕತೆಯ ಹೆಸರಾಗಿಯೇ ಮಾಡಿದರು.

ತರುಣರಲ್ಲಿ ಇದು ಹೆಚ್ಚುತ್ತಿದೆಯೆ? ೨೦೦೮ರಲ್ಲಿ ಜೀನ್ ಟ್ವೆಂಗಿ ಮೊದಲಾದವರು ೧೯೭೯ರಿಂದ ೨೦೦೬ರ ವರೆಗಿನ ೮೫ ಪರೀಕ್ಷೆಗಳಲ್ಲಿ ಉತ್ತರಕೊಟ್ಟ ೧೬,೪೭೫ ಮಂದಿ ಅಮೆರಿಕಾದ ಕಾಲೇಜು ವಿದ್ಯಾರ್ಥಿಗಳ ಲೆಕ್ಕವನ್ನು ಕೂಡಿಸಿ, ಹೆಚ್ಚಿದೆಯೆಂದು ಸಾಧಿಸಿದರು. ಅದೇ ವರ್ಷ ಬೇರೆ ವಿದ್ವಾಂಸರು ಬೇರೆ ಲೆಕ್ಕದಿಂದ ಹೆಚ್ಚಿಲ್ಲವೆಂದರು. ೨೦೧೭ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯು ೧೯೯೦ರ ದಶಕದಿಂದೀಚೆಗೆ ಕಡಿಮೆಯೇ ಆಗಿದೆಯೆಂದಿತು. ಮುಪ್ಪಿನವರು ಎಳೆಯರನ್ನು ದೂರುವುದು ಎಲ್ಲ ಕಾಲಕ್ಕೂ ಇರುವ ಪದ್ಧತಿ. ಆ ಪದ್ಧತಿಗೆ ಲೆಕ್ಕದ ಬೆಂಬಲವು ಗಟ್ಟಿಯಾಗಿ ದೊರೆಯಿತೆಂದು ನನಗೆ ತೋರುವುದಿಲ್ಲ. ಇದಕ್ಕಿಂತ ಬೆಲೆಯುಳ್ಳ ಸಂಶೋಧನೆಯೊಂದು ನೆದರ್ಲೆಂಡ್ಸ್ ದೇಶದಿಂದ ೨೦೧೫ರಲ್ಲಿ ಬಂದಿದೆ. ಬ್ರುಮೆಲ್‌ಮನ್ ಮೊದಲಾದವರು ೫೬೫ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಆರಾರು ತಿಂಗಳಿಗೊಮ್ಮೆ ಪ್ರಶ್ನಿಸುತ್ತ ಬಂದರು. ಮಿಕ್ಕ ಮಕ್ಕಳಿಗಿಂತ ನಮ್ಮ ಮಗು ಮಿಗಿಲೆಂದು ತಂದೆತಾಯಿಗಳು ಎಣಿಸಿದ ಕಡೆ ಮಗುವಿನಲ್ಲಿ ನೆರಳಿನ ಮೋಹವು ಬೆಳೆಯಿತು. ತಂದೆತಾಯಿಗಳು ಅಕ್ಕರೆಯನ್ನು ತೋರಿದ ಕಡೆ ಅದು ಬೆಳೆಯಲಿಲ್ಲ, ನೆಮ್ಮದಿಯಾದ ಆತ್ಮಮಾನವು ಬೆಳೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದೆಂಬ ನಮ್ಮ ಗಾದೆಯಲ್ಲಿ ತಪ್ಪೇನೂ ಇಲ್ಲ. ಹೆಗ್ಗಣವನ್ನು ಮುದ್ದಿಸುವುದು ಬೇರೆ, ನೀನು ಆನೆಯೆಂದು ಅದನ್ನು ನಂಬಿಸುವುದು ಬೇರೆ.

ಈ ಭೇದವೇ ಕ್ರೈಸ್ತ ಸಿದ್ಧಾಂತಕ್ಕೆ ಬಾಗಿಲು. ಅಕ್ಕರೆಯಲ್ಲಿ ಎಸ್ಟಿಮೇಟು ಇಲ್ಲ. ಮನುಷ್ಯನನ್ನು ದೇವರು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ಆದಿಕಾಂಡದ ಮೊದಲ ಅಧ್ಯಾಯವು ಹೇಳುತ್ತದೆ. ನಾಣ್ಯದ ಮೇಲೆ ರಾಜಮುದ್ರೆಯಿರುವಂತೆ ಮನುಷ್ಯನ ಮೇಲೆ ಈ ಮುದ್ರೆ. ನಾಣ್ಯವು ತನ್ನ ಬೆಲೆಯನ್ನು ತಾನು ಕಟ್ಟಿಕೊಳ್ಳುವುದಿಲ್ಲ. ಮಣ್ಣಿನಲ್ಲಿ ಬಿದ್ದರೂ ಅದನ್ನು ಕಳೆದುಕೊಳ್ಳುವುದಿಲ್ಲ. ಇದಕ್ಕೆ ಮೇಲೆ, ಮನುಷ್ಯನ ಪಾಪಕ್ಕಾಗಿ ಕ್ರಿಸ್ತನು ಪ್ರಾಣವನ್ನು ತೆತ್ತನೆಂಬುದು ಅವರ ಮತದ ಮರ್ಮ. ಬೆಲೆಯನ್ನು ಕಟ್ಟಿದವನು ಬೇರೊಬ್ಬನು, ಅದನ್ನು ತೆತ್ತವನೂ ಅವನೇ. ಅಷ್ಟು ತೆರಬೇಕಾಯಿತೆಂಬುದರಿಂದ ಮನುಷ್ಯನು ಹಮ್ಮುಪಡುವಂತಿಲ್ಲ. ಅಷ್ಟನ್ನು ತೆತ್ತನೆಂಬುದರಿಂದ ತಾನು ಕಸವೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಬಾಲಕನಾದ ವಾಸ್ಕನ್ಸೆಲೋಸರ ಕಿವಿಗೆ ಬಿದ್ದದ್ದು ಈ ವಾಕ್ಯದ ಮೊದಲ ಅರ್ಧ ಮಾತ್ರ.

ಇಲ್ಲಿ ಒಂದು ಪ್ರಸಿದ್ಧವಾದ ವಿವಾದವುಂಟು. ನಿನ್ನಂತೆಯೇ ನಿನ್ನ ನೆರೆಯವನನ್ನೂ ಪ್ರೀತಿಸಬೇಕೆಂಬ ಆಜ್ಞೆಯು ಯಾಜಕಕಾಂಡದಲ್ಲಿದೆ. ಯೇಸುವು ಅದನ್ನು ದೇವರನ್ನು ಪ್ರೀತಿಸಬೇಕೆಂಬ ಆಜ್ಞೆಯ ಜೊತೆಗಿಟ್ಟು ಎರಡು ಮಹಾಜ್ಞೆಗಳೆಂದನು. ಆತ್ಮಮಾನದ ಪಕ್ಷಪಾತಿಗಳಾದ ಕ್ರೈಸ್ತರು ಇದರಲ್ಲಿ ಮೂರನೆಯ ಆಜ್ಞೆಯೊಂದನ್ನು ಕಾಣುತ್ತಾರೆ: ತನ್ನನ್ನು ಪ್ರೀತಿಸದವನು ನೆರೆಯವನನ್ನು ಹೇಗೆ ಪ್ರೀತಿಸಿಯಾನು? ಆದಕಾರಣ ಮೊದಲು ತನ್ನನ್ನು ಪ್ರೀತಿಸುವುದನ್ನು ಕಲಿಯಬೇಕು. ೧೯೮೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜೇ ಆಡಮ್ಸ್ ಎಂಬ ಪ್ರೆಸ್ಬಿಟೀರಿಯನ್ ಪಂಡಿತರು ಇದನ್ನು ತೀವ್ರವಾಗಿ ನಿರಾಕರಿಸಿ, ಯೇಸುವು ಎರಡೆಂದು ಎಣಿಸಿದುದನ್ನು ಮೂರುಮಾಡುವ ಅಧಿಕಾರ ಯಾರಿಗೂ ಇಲ್ಲವೆಂದರು. ಮೀಮಾಂಸಕರಿಗೆ ಈ ವಿವಾದವು ಕೂಡಲೆ ಗುರುತಾಗುತ್ತದೆ. ಬೇರೆ ಪ್ರಮಾಣದಿಂದ ಪ್ರಾಪ್ತವಾಗದುದನ್ನು ತಿಳಿಸುವುದೇ ವಿಧಿ. ಪ್ರಾಪ್ತವಾದುದನ್ನು ಮತ್ತೆ ಹೇಳಿದರೆ ಅದು ಅನುವಾದ. ಹಸಿದವನು ಉಣ್ಣಬೇಕೆಂದು ಶಾಸ್ತ್ರವು ವಿಧಿಸಬೇಕಾಗಿಲ್ಲ, ಅದು ರಾಗಪ್ರಾಪ್ತ. ಹಾಗೆಯೇ 'ನಿನ್ನಂತೆ' ಎಂಬುದು ಲೋಕಸಿದ್ಧವಾದ ಆತ್ಮಪ್ರೀತಿಯ ಅನುವಾದವೇ ಹೊರತು ವಿಧಿಯಲ್ಲ. ನಮ್ಮ ಮೀಮಾಂಸೆಯನ್ನು ಕೇಳದಿದ್ದರೂ ಸಂತ ಆಗಸ್ಟೀನನು ತನ್ನ 'ಕ್ರೈಸ್ತೋಪದೇಶ' ಗ್ರಂಥದಲ್ಲಿ ಇದನ್ನೇ ನಿರ್ಣಯಿಸಿದ್ದಾನೆ. ತನ್ನನ್ನೂ ತನ್ನ ದೇಹವನ್ನೂ ಪ್ರೀತಿಸಲು ಮನುಷ್ಯನಿಗೆ ಆಜ್ಞೆಯು ಬೇಕಾಗಿಲ್ಲವೆಂಬುದು ಅವನ ಮತ.

ಆದರೆ ಆಗಸ್ಟೀನನು ಅಲ್ಲಿಗೆ ನಿಲ್ಲುವುದಿಲ್ಲ. ಆತ್ಮಪ್ರೀತಿಯು ಪ್ರಾಪ್ತವಾದರೂ ಅದು ಸರಿಯಾಗಿ ಪ್ರಾಪ್ತವಾಗಿಲ್ಲ. ದೇವರನ್ನು ಬಿಟ್ಟು ತನ್ನನ್ನು ಮಾತ್ರ ಪ್ರೀತಿಸುವವನು ನಿಜವಾಗಿ ತನಗೆ ತಾನೇ ಶತ್ರು; ತನ್ನನ್ನು ಪ್ರೀತಿಸಬಲ್ಲವನು ದೇವರನ್ನು ಪ್ರೀತಿಸುವವನೇ ಎಂದು ಅವನ ವಾದ. ನಾರ್ಕಿಸ್ಸಸನ ಕಥೆಯೊಡನೆ ಇದನ್ನು ಸೇರಿಸಿ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಸಾಹಿತ್ಯದ ಉಪಾಧ್ಯಾಯರು ಆಗಸ್ಟೀನನನ್ನು ಗಮನಿಸಲು ಇನ್ನೊಂದು ಕಾರಣವೂ ಉಂಟು: ಕ್ರಿ. ಶ. ೩೫೪ರಲ್ಲಿ ಆಫ್ರಿಕಾದ ತಗಾಸ್ತೆಯಲ್ಲಿ ಹುಟ್ಟಿದ ಅವನು ಬಿಷಪ್ಪನಾಗುವ ಮೊದಲು ನಮ್ಮಂತೆಯೇ ಅಲಂಕಾರಶಾಸ್ತ್ರದ ಉಪಾಧ್ಯಾಯನಾಗಿದ್ದನು. ಸುಮಾರು ೪೦೦ರ ವೇಳೆಗೆ ಬರೆದ ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಅವನು ತನ್ನ ವಿದ್ಯಾರ್ಥಿದಶೆಯನ್ನು ಬಿಚ್ಚಿ ತೋರಿಸಿದ್ದಾನೆ. ಮಗನ ವಿದ್ಯೆಗಾಗಿ ಅವನ ತಂದೆ ಶಕ್ತಿಮೀರಿ ವೆಚ್ಚಮಾಡಿದನು, ಊರೆಲ್ಲ ಹೊಗಳಿತು, ಮಗನ ಮಾತು ಸೊಗಸಾಗುತ್ತಿದೆಯೆ ಎಂಬುದೊಂದನ್ನುಳಿದು ಅವನ ನಡತೆ ಏನಾಗುತ್ತಿದೆಯೆಂದು ಕೇಳಿದವರು ತಂದೆಯ ಕಡೆ ಯಾರೂ ಇರಲಿಲ್ಲ. ಕಾರ್ತೇಜಿನ ಶಾಲೆಯಲ್ಲಿ ತರಗತಿಗೆ ಮೊದಲಿಗನಾಗಿ ಅವನು ಉಬ್ಬಿಹೋದನು. ಗೆಳೆಯರೊಡನೆ ನೆರೆಯವನ ಮರದಿಂದ ಪೇರುಹಣ್ಣುಗಳ ಜಾತಿಯ ಹಣ್ಣುಗಳನ್ನು ಕದ್ದು ಹಂದಿಗಳಿಗೆ ಎಸೆದದ್ದನ್ನು ಅವನು ಎಷ್ಟು ಪುಟಗಳವರೆಗೆ ಶೋಧಿಸುತ್ತಾನೆಂದರೆ ಓದುವವರಿಗೆ ಬೇಸರವಾಗುವಷ್ಟು. ಹಣ್ಣಿನ ಆಸೆ ಅವನಿಗಿರಲಿಲ್ಲ. ಒಬ್ಬನೇ ಇದ್ದಿದ್ದರೆ ಕದಿಯುತ್ತಲೂ ಇರಲಿಲ್ಲ. ಗೆಳೆಯರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆಂಬುದೇ ಕಾರಣ. ಮೊಬೈಲಿನಲ್ಲಿ ತನ್ನ ಭಾವಚಿತ್ರವನ್ನು ತಾನೇ ತೆಗೆದು ಹತ್ತು ಜನರ ಮೆಚ್ಚಿಕೆಗೆ ಕಾಯುವ ಹುಡುಗನನ್ನು ಹಳಿಯುವವರು ಈ ಪುಟಗಳನ್ನು ಒಮ್ಮೆ ಓದಬೇಕು.

ಹನ್ನೆರಡನೆಯ ಶತಮಾನದ ಬರ್ನಾರ್ಡ್ ಎಂಬ ಸಂತನು ಪ್ರೀತಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾನೆ. ತನಗಾಗಿ ತನ್ನನ್ನು ಪ್ರೀತಿಸುವುದು ಮೊದಲನೆಯದು. ತನ್ನ ಲಾಭಕ್ಕಾಗಿ ದೇವರನ್ನು ಪ್ರೀತಿಸುವುದು, ದೇವರಿಗಾಗಿ ದೇವರನ್ನು ಪ್ರೀತಿಸುವುದು ಆಮೇಲಿನವು. ಇಲ್ಲಿಗೆ ಮುಗಿಯಿತೆಂದು ನಾವು ಊಹಿಸುತ್ತೇವೆ. ಆದರೆ ಅವನ ಕೊನೆಯ ಮೆಟ್ಟಿಲು, ದೇವರಿಗಾಗಿ ತನ್ನನ್ನು ಪ್ರೀತಿಸುವುದು. ಏರಿದವನು ಮತ್ತೆ ತನ್ನ ಬಳಿಗೇ ಬರುತ್ತಾನೆ, ಬೇರೆ ಬಾಗಿಲಿನಿಂದ. ಹದಿಮೂರನೆಯ ಶತಮಾನದ ತೋಮಾಸ್ ಅಕ್ವಿನಾಸನು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ವಿನಯವೂ ಮಹಾಮನಸ್ಕತೆಯೂ ಒಂದಕ್ಕೊಂದು ವಿರುದ್ಧವಲ್ಲವೆಂದು ಸಾಧಿಸಿದನು. ಅವನ ಮತದಲ್ಲಿ ಗರ್ವವು ಪಾಪವಾದಂತೆಯೇ ಕಿರುಮನಸ್ಸೂ ಪಾಪ. ಒಡೆಯನು ಕೊಟ್ಟ ತಲಾಂತನ್ನು ಹೆದರಿ ಮಣ್ಣಿನಲ್ಲಿ ಹೂತಿಟ್ಟ ಆಳಿನ ದೃಷ್ಟಾಂತವನ್ನು ಅವನು ಇಲ್ಲಿ ಉದಾಹರಿಸುತ್ತಾನೆ.

ಈ ಭಾಗವನ್ನು ಮೊದಲು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆನು. ನಾನು ಓದಿದ ಪಾಠಶಾಲೆಯಲ್ಲಿ ಹೊಗಳಿಕೆಯೆಂಬುದು ಇರಲಿಲ್ಲ. ನನ್ನ ಜೊತೆಯ ಹುಡುಗನೊಬ್ಬನು ಅಮರಕೋಶವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವನು. ಒಂದು ದಿನ ಹತ್ತು ಜನರೆದುರಿಗೆ ತಡವರಿಸಿದನು, ಜಡನೆಂದು ಕರೆಯಿಸಿಕೊಂಡನು. ಆಮೇಲೆ ಅವನು ಬಾಯಿ ತೆರೆದದ್ದನ್ನು ನಾನು ಕಾಣೆ. ಆ ವರ್ಷವೇ ಓದನ್ನು ಬಿಟ್ಟನು. ಅದರಿಂದ ನಾನೇನಾದರೂ ಕಲಿತೆನೆ? ಇಪ್ಪತ್ತು ವರ್ಷಗಳ ಮೇಲೆ ಅದೇ ಶಬ್ದವನ್ನು ನಾನೇ ಇನ್ನೊಬ್ಬ ಹುಡುಗನ ಮೇಲೆ ಪ್ರಯೋಗಿಸಿದೆನು. ಅವನನ್ನು ವಿನೀತನನ್ನಾಗಿ ಮಾಡುತ್ತಿದ್ದೇನೆಂದೇ ನನ್ನ ಭಾವನೆ. ಕ್ಯಾಲಿಫೋರ್ನಿಯಾದ ಸಮಿತಿಯನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬನು; ಆದರೆ ಆ ಇಬ್ಬರು ಹುಡುಗರನ್ನು ನೆನೆದ ಮೇಲೆ ಮೊದಲಿನಷ್ಟು ಗಟ್ಟಿಯಾಗಿ ನಗಲಾರೆನು.

ಈಚಿನ ಅಮೆರಿಕಾದಲ್ಲಿ ಈ ವಿಷಯವಾಗಿ ಕ್ರೈಸ್ತರು ಎರಡು ಗುಂಪಾದರು. ಒಂದಕ್ಕೆ ಮುಂದಾಳು ರಾಬರ್ಟ್ ಷುಲರ್. ೧೯೫೫ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಪ್ರಾಂತದ ಒಂದು ಬಯಲು ಚಿತ್ರಮಂದಿರದಲ್ಲಿ, ಕಾರುಗಳಲ್ಲಿ ಕುಳಿತ ಜನರಿಗೆ ಉಪದೇಶವನ್ನಾರಂಭಿಸಿ, ೧೯೮೦ರಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಗಾಜಿನ ಫಲಕಗಳ 'ಕ್ರಿಸ್ಟಲ್ ಕೆಥೀಡ್ರಲ್' ಎಂಬ ದೇವಾಲಯವನ್ನು ಕಟ್ಟಿಸಿದವರು. ೧೯೮೨ರ ತಮ್ಮ ಗ್ರಂಥದಲ್ಲಿ ಅವರು ಆತ್ಮಮಾನವನ್ನೇ ಹೊಸ ಧರ್ಮಸುಧಾರಣೆಯೆಂದು ಸಾರಿದರು. ಮನುಷ್ಯನ ಆತ್ಮಮಾನವನ್ನು ಕಸಿದುಕೊಳ್ಳುವುದೇ ಪಾಪವೆಂಬಂತೆ ಪಾಪದ ಲಕ್ಷಣವನ್ನೇ ಬದಲಾಯಿಸಿದರು. ಇದು ನನಗೆ ಲಕ್ಷಣವಾಗಿ ತೋರದು, ಮಾರಾಟವಾಗಿ ತೋರುತ್ತದೆ. ಇನ್ನೊಂದು ಗುಂಪಿನಲ್ಲಿ ಆಡಮ್ಸರಲ್ಲದೆ ಮನಶ್ಶಾಸ್ತ್ರಜ್ಞರಾದ ಪಾಲ್ ವಿಟ್ಜ್ ಮುಖ್ಯರು. ಹೊಸ ಮನಶ್ಶಾಸ್ತ್ರವು ಆತ್ಮಪೂಜೆಯೆಂಬ ಮತವಾಗಿ ಪರಿಣಮಿಸಿದೆಯೆಂದು ಅವರು ೧೯೭೭ರಲ್ಲಿಯೇ ಎಚ್ಚರಿಸಿದ್ದರು. ಎಚ್ಚರಿಕೆಯು ಸುಳ್ಳಾಗಲಿಲ್ಲ. ೨೦೦೫ರಲ್ಲಿ ಕ್ರಿಶ್ಚನ್ ಸ್ಮಿತ್, ಮೆಲಿಂಡಾ ಡೆಂಟನ್ ಎಂಬವರು ಮೂರು ಸಾವಿರಕ್ಕೂ ಮಿಕ್ಕ ಹದಿಹರೆಯದವರನ್ನು ವಿಚಾರಿಸಿ ಬರೆದ ಗ್ರಂಥದ ಪ್ರಕಾರ, ಚರ್ಚಿಗೆ ಹೋಗುವ ಅನೇಕ ತರುಣರ ಮತದಲ್ಲಿ ದೇವರೆಂದರೆ ಕರೆದಾಗ ಬಂದು ತೊಂದರೆಯನ್ನು ಪರಿಹರಿಸಿಕೊಡುವವನು. ಬಾಳಿನ ಗುರಿಯೆಂದರೆ ಸುಖವಾಗಿದ್ದು ತನ್ನ ವಿಷಯದಲ್ಲಿ ತನಗೆ ಮೆಚ್ಚಿಕೆಯಿರುವುದು. ಇದನ್ನು ಅವರು ತಮ್ಮ ಹಿರಿಯರಿಂದಲೇ ಕಲಿತರೆಂಬುದನ್ನೂ ಆ ಗ್ರಂಥವು ಮರೆಮಾಚಿಲ್ಲ.

ಆದರೂ ಆಡಮ್ಸರ ಪಕ್ಷವು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ೧೯೬೦ರಲ್ಲಿ ವ್ಯಾಲರೀ ಸೇವಿಂಗ್ ಎಂಬ ಮಹಿಳೆಯು ಒಂದು ಚಿಕ್ಕ ಪ್ರಬಂಧದಲ್ಲಿ ಎತ್ತಿದ ಆಕ್ಷೇಪವು ಬಲವಾದುದು. ಗರ್ವವೇ ಪಾಪದ ಮೂಲವೆಂದು ಧರ್ಮಶಾಸ್ತ್ರಜ್ಞರು ಹೇಳುವುದು ಗಂಡಸರ ಅನುಭವದಿಂದ. ಹೆಂಗಸರಿಗೆ ಒದಗುವ ಅಪಾಯವು ತಾನು ಎಂಬುದನ್ನು ಇತರರಿಗಾಗಿ ಕರಗಿಸಿ ಇಲ್ಲವಾಗಿಬಿಡುವುದು. ಅವರಿಗೆ ಮತ್ತೆ ವಿನಯವನ್ನೇ ಬೋಧಿಸಿದರೆ ರೋಗಕ್ಕೆ ಅಪಥ್ಯವನ್ನು ಕೊಟ್ಟಂತೆ ಎಂದು ಆಕೆಯ ವಾದ. ಇದು ಹೆಂಗಸರಿಗೆ ಮಾತ್ರ ಸಲ್ಲುವ ಮಾತಲ್ಲ. ನಮ್ಮ ನೆರೆಯ ತಮಿಳುನಾಡಿನಲ್ಲಿ ಈ. ವೆ. ರಾಮಸ್ವಾಮಿಯವರು ೧೯೨೫ರಲ್ಲಿ ಆರಂಭಿಸಿದ ಚಳವಳಿಗೆ 'ಸ್ವಾಭಿಮಾನ'ವೆಂದೇ ಹೆಸರು. ಅವರು ನಿರೀಶ್ವರವಾದಿಗಳು, ಕ್ರೈಸ್ತರಲ್ಲ. ಆದರೆ ಅವರ ಸ್ವಾಭಿಮಾನವು ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳುವ ಮಾತಾಗಿರಲಿಲ್ಲ. ಇತರರು ಕಿತ್ತುಕೊಂಡಿದ್ದ ತೂಕವನ್ನು ಮರಳಿ ಕೇಳುವುದಾಗಿತ್ತು. ತಕ್ಕಡಿಯಲ್ಲಿ ಮೋಸಹೋದವನು ತನ್ನ ತೂಕವನ್ನು ಕೇಳಿದರೆ ಅವನನ್ನು ದರ್ಶನೀಯಮ್ಮನ್ಯನೆನ್ನಬಾರದು.

ಎರಡು ಪಕ್ಷಗಳಿಗೂ ಮೇಲಾದ ಉತ್ತರವು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿದೆಯೆಂದು ನನ್ನ ಅಭಿಪ್ರಾಯ. ಕೊರಿಂಥದವರು ತಮ್ಮ ತಮ್ಮ ಗುರುಗಳ ಹೆಸರಿನಲ್ಲಿ ಬೀಗುತ್ತ ಜಗಳವಾಡುತ್ತಿದ್ದರು. ಅವರಿಗೆ ಪೌಲನು ಹೇಳುವ ತಾತ್ಪರ್ಯವಿದು: ನೀವು ನನ್ನ ವಿಷಯದಲ್ಲಿ ಕೊಡುವ ತೀರ್ಪು ನನಗೆ ಅಲ್ಪವಾದದ್ದು, ಲೋಕದ ನ್ಯಾಯಸ್ಥಾನದ ತೀರ್ಪೂ ಹಾಗೆಯೇ. ಇಷ್ಟನ್ನು ಯಾವ ಅಭಿಮಾನಿಯೂ ಹೇಳಿಯಾನು. ಆದರೆ ಪೌಲನು ಮುಂದುವರಿದು, ನನ್ನ ತೀರ್ಪನ್ನು ನಾನೂ ಮಾಡಿಕೊಳ್ಳುವುದಿಲ್ಲ, ನನ್ನಲ್ಲಿ ದೋಷವು ನನಗೆ ಕಾಣದಿದ್ದರೂ ಅದರಿಂದ ನಾನು ನಿರ್ದೋಷಿಯೆಂದಾಗಲಿಲ್ಲ, ತೀರ್ಪುಮಾಡುವವನು ಬೇರೆ ಎನ್ನುತ್ತಾನೆ. ಎಂದರೆ ಆತ್ಮಮಾನವು ಹೆಚ್ಚಿರಬೇಕೆ, ಕಡಿಮೆಯಿರಬೇಕೆ ಎಂಬ ಪ್ರಶ್ನೆಗೆ ಅವನು ಉತ್ತರವನ್ನೇ ಕೊಡುವುದಿಲ್ಲ. ಎಸ್ಟಿಮೇಟು ಬರೆಯುವ ಲೇಖಣಿಯನ್ನೇ ಕೆಳಗಿಟ್ಟುಬಿಡುತ್ತಾನೆ. ತನ್ನನ್ನು ಹೊಗಳಿಕೊಳ್ಳುವವನೂ ತನ್ನನ್ನು ಹಳಿದುಕೊಳ್ಳುವವನೂ ಒಂದೇ ನೀರಿನಲ್ಲಿ ಇಣಿಕಿನೋಡುತ್ತಿದ್ದಾರೆ. ಪೌಲನು ಅಲ್ಲಿಂದ ಎದ್ದುಹೋಗಿದ್ದಾನೆ. ಅಮೆರಿಕಾದ ತಿಮೊಥಿ ಕೆಲ್ಲರ್ ೨೦೧೨ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಪುಸ್ತಕವು ಈ ಅಧ್ಯಾಯದ ಭಾಷ್ಯವೇ ಆಗಿದೆ. ತನ್ನನ್ನು ತಾನು ಮರೆಯುವುದೇ ಅದರ ವಿಷಯ.

ತರಗತಿಯಲ್ಲಿ ಇದರ ಉಪಯೋಗವೇನೆಂದು ಕೇಳಬಹುದು. ವಿದ್ಯಾರ್ಥಿಯು ತಾನು ಬರೆದ ಪದ್ಯವನ್ನು ತಂದು ತೋರಿಸುತ್ತಾನೆ, ಪದ್ಯವು ಕೆಟ್ಟದಾಗಿದೆ. ಆತ್ಮಮಾನದ ಮತದವರು ಚೆನ್ನಾಗಿದೆಯೆನ್ನುತ್ತಾರೆ, ನಮ್ಮ ಹಳೆಯ ಪಾಠಶಾಲೆಯವರು ನೀನು ಜಡನೆನ್ನುತ್ತಾರೆ. ಇಬ್ಬರೂ ಪದ್ಯದ ಬೆಲೆಯನ್ನೂ ಹುಡುಗನ ಬೆಲೆಯನ್ನೂ ಒಂದೇ ಚೀಟಿಯಲ್ಲಿ ಬರೆದರು. ಮೂರನೆಯ ಪಾದದಲ್ಲಿ ಗಣವು ಕೆಟ್ಟಿದೆಯೆಂದು ಹೇಳಿ, ಬೆಂಚಿನ ಮೇಲೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ತಿದ್ದಬಹುದಷ್ಟೆ.

ಕೊನೆಗೆ ಪ್ರತಿಶಬ್ದದ ವಿಷಯವಾಗಿ ಇನ್ನೊಂದು ಮಾತು. ನಾರ್ಸಿಸಿಸಂ ಎಂಬುದಕ್ಕೆ 'ಆತ್ಮರತಿ'ಯೆಂದು ಬರೆಯುವ ರೂಢಿಯು ನನಗೆ ಬಹಳ ಕಾಲದಿಂದ ಕಿರಿಕಿರಿಯನ್ನುಂಟುಮಾಡಿದೆ. ಛಾಂದೋಗ್ಯದಲ್ಲಿಯೂ ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ ಆತ್ಮರತಿಯೆಂಬುದು ಜ್ಞಾನಿಯ ವಿಶೇಷಣ. ಅಲ್ಲಿ ಆತ್ಮನೆಂದರೆ ನೀರಿನಲ್ಲಿ ಕಾಣುವ ಮುಖವಲ್ಲ. ಅಷ್ಟು ಎತ್ತರದ ಶಬ್ದವನ್ನು ರೋಗಕ್ಕೆ ಇಟ್ಟರೆ ಮುಂದಿನ ವಿದ್ಯಾರ್ಥಿಯು ಗೀತೆಯನ್ನು ಓದುವಾಗ ಏನೆಂದು ತಿಳಿದಾನು? ಓವಿಡನ ಕಥೆಗೆ 'ಪ್ರತಿಬಿಂಬಮೋಹ'ವೆಂಬುದು ಹೊಂದುತ್ತದೆ. ಉದ್ದವಾಯಿತೆಂದು ಅದನ್ನು 'ಬಿಂಬಮೋಹ'ವೆಂದು ಕತ್ತರಿಸುವಂತಿಲ್ಲ. ಬಿಂಬವೆಂದರೆ ಮೂಲವಸ್ತುವಾದುದರಿಂದ ಅರ್ಥವು ತಲೆಕೆಳಗಾಗುತ್ತದೆ. ಕನ್ನಡದಲ್ಲಿ ಬಿಂಕ, ಬಿಗುಮಾನ, ಜಂಬ, ಸೊಕ್ಕು, ಹಮ್ಮು ಎಂದು ಗರ್ವದ ಬಗೆಗಳಿಗೆ ಎಷ್ಟೋ ಮಾತುಗಳಿದ್ದರೂ ಇವುಗಳಲ್ಲಿ ಒಂದರಲ್ಲಿಯೂ ಈ ನೆರಳಿನ ಅರ್ಥವಿಲ್ಲ. ಇದಕ್ಕಿಂತ ಚಿಕ್ಕದಾದ ಅಚ್ಚಗನ್ನಡದ ಮಾತು ಯಾರಿಗಾದರೂ ಹೊಳೆದರೆ ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ತಿಳಿಸಬೇಕಾಗಿ ಪ್ರಾರ್ಥಿಸುತ್ತೇನೆ.